ತೋಟದೊಳಗೆ ರೋವರ್ ‘ಫಿಕ್ಸ್’ ಅಂದಾಗ, ಗೂಟ ಹೊಡೆಯುವ ಮೊದಲು

ಸಿದ್ದಾಪುರ ತಾಲ್ಲೂಕಿನ ಒಂದು ಅಡಿಕೆ ತೋಟಕ್ಕೆ ಅಣ್ಣತಮ್ಮಂದಿರ ಹಿಸ್ಸೆ ಅಳೆಯಲು ಹೋಗಿದ್ದೆ. ಸಂಜೆ ನಾಲ್ಕರ ಹೊತ್ತು. ರೋವರ್ ಅಂದರೆ ಉಪಗ್ರಹಗಳ ಸಂಕೇತ ಹಿಡಿದು ಜಾಗ ಗುರುತಿಸುವ ರಿಸೀವರ್, ಕಂಬದ ತುದಿಯಲ್ಲಿ ಇರುತ್ತದೆ. ಕಂಬ ನಿಲ್ಲಿಸಿ ಮಟ್ಟದ ಗುಳ್ಳೆಯನ್ನು ನಡುವಿಗೆ ತಂದೆ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಫಿಕ್ಸ್’ ಬಂತು, ಪಕ್ಕದಲ್ಲಿ ನಿಖರತೆ 1.8 ಸೆಂಟಿಮೀಟರ್ ಅಂತ ತೋರಿಸಿತು. ಗೂಟ ಹೊಡೆಸಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಉಳಿದ ಮೂಲೆಗಳಿಗೆ ಹೋದವಳು ಅದೇ ಗೂಟದ ಮೇಲೆ ಇನ್ನೊಮ್ಮೆ ಕಂಬ ಇಟ್ಟು ನೋಡಿದೆ. ಅದೇ ಹಸಿರು ಅಕ್ಷರ, ಹೆಚ್ಚುಕಡಿಮೆ ಅದೇ ನಿಖರತೆ. ಆದರೆ ಗೂಟ ಇರಬೇಕಾದ ಜಾಗ 1 ಮೀಟರ್ 10 ಸೆಂಟಿಮೀಟರ್ ಪೂರ್ವಕ್ಕೆ ಅಂತ ಯಂತ್ರ ಹೇಳಿತು. ಇಬ್ಬರಲ್ಲಿ ಹಿರಿಯರು ಅಲ್ಲೇ ನಿಂತಿದ್ದರು. “ತಂಗೀ, ನಿನ್ನೆ ಗೂಟ ಇಲ್ಲಿ ಅಂದೆ, ಇವತ್ತು ಅಲ್ಲಿ ಅಂತೀಯ. ರಾತ್ರಿ ಭೂಮಿ ನಡೀತಾ?” ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಆ ಒಂದು ಮೀಟರ್ ಪಟ್ಟಿಯಲ್ಲಿ ಅವರ ತಂದೆ ನೆಟ್ಟ ಏಳು ಮರಗಳಿದ್ದವು.

ಅವತ್ತಿನಿಂದ ನಾನು ಅಳೆಯುವ ಕ್ರಮವನ್ನೇ ಬದಲಿಸಿಕೊಂಡೆ. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಲೈಸೆನ್ಸ್ ಪಡೆದು ರೋವರ್ ಹಿಡಿದವರಿಗೆ ಇದು ಬೇಕು. ಜಮೀನು ಅಳೆಸುವವರೂ ಓದಿಕೊಂಡರೆ, ಸರ್ವೇಯರ್ ಎದುರು ಏನು ಕೇಳಬೇಕು ಅಂತ ತಿಳಿಯುತ್ತದೆ.

ಮೊದಲಿಗೆ, ನಮ್ಮ ಕೈಗೆ ಬರುವುದು ಎಷ್ಟು ಕ್ಷೀಣವಾದ ಸಂಕೇತ ಅನ್ನುವುದು ಮನಸ್ಸಿಗೆ ಬರಬೇಕು. ಜಿಪಿಎಸ್ ಉಪಗ್ರಹ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹೊರಟ ಅಲೆ ನೆಲ ಮುಟ್ಟುವಾಗ ಅದರ ಬಲ ಒಂದು ವ್ಯಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು. ಯಂತ್ರದೊಳಗಿನ ಸಹಜ ಗದ್ದಲಕ್ಕಿಂತಲೂ ಅದು ಕೆಳಗಿರುತ್ತದೆ. ಉಪಗ್ರಹದ ಸಂಕೇತದ ಮಾದರಿ ಮೊದಲೇ ಗೊತ್ತಿರುವುದರಿಂದ ಮಾತ್ರ ರಿಸೀವರ್ ಅದನ್ನು ಗದ್ದಲದೊಳಗಿಂದ ಹೆಕ್ಕಿ ತೆಗೆಯುತ್ತದೆ. ಜಾತ್ರೆಯ ಗಲಾಟೆಯ ನಡುವೆ ನಮ್ಮ ಮಗುವಿನ ದನಿ ನಮಗೆ ಕೇಳುವ ಹಾಗೆ. ಇಷ್ಟು ಸಣ್ಣ ದನಿಗೆ ಒಂದು ಒದ್ದೆ ಸೋಗೆಯೂ ಅಡ್ಡಿಯಾಗುತ್ತದೆ.

ಇನ್ನು ‘ಫಿಕ್ಸ್’ ಅಂದರೆ ಏನು? ಉಪಗ್ರಹ ಒಂದಕ್ಕಿಂತ ಹೆಚ್ಚು ಆವರ್ತನಗಳಲ್ಲಿ ಅಲೆ ಕಳಿಸುತ್ತದೆ. ಅದರಲ್ಲಿ ಎಲ್1 ಅನ್ನುವ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅಲೆಯ ಕೊನೆಯ ತುಂಡನ್ನು ರಿಸೀವರ್ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬಲ್ಲದು. ಆದರೆ ಉಪಗ್ರಹದಿಂದ ಇಲ್ಲಿಯವರೆಗೆ ಪೂರ್ತಿ ಅಲೆಗಳು ಎಷ್ಟು ಅನ್ನುವುದು ಅದಕ್ಕೆ ಗೊತ್ತಿಲ್ಲ, ಲೆಕ್ಕ ಹಾಕಿ ಆರಿಸಬೇಕು. ಎಲ್ಲ ಉಪಗ್ರಹಗಳಿಗೂ ಪೂರ್ಣಸಂಖ್ಯೆ ಆರಿಸಿ ಮುಗಿಸಿದೆ ಅನ್ನುವುದೇ ಫಿಕ್ಸ್. ಇನ್ನೂ ಆರಿಸಲು ಆಗಿಲ್ಲ ಅನ್ನುವುದು ಫ್ಲೋಟ್. ತೋಟದೊಳಗೆ ಸಂಕೇತ ಕೆಟ್ಟಾಗ ಯಂತ್ರ ತಪ್ಪು ಸಂಖ್ಯೆಯನ್ನು ಆರಿಸಿ, ಸರಿಯಾದದ್ದನ್ನೇ ಆರಿಸಿದ್ದೇನೆ ಅಂದುಕೊಳ್ಳುತ್ತದೆ. ಪರದೆಯ ಮೇಲಿನ 1.8 ಸೆಂಟಿಮೀಟರ್ ಕೂಡ ಆ ಆಯ್ಕೆ ಸರಿಯಿದೆ ಅನ್ನುವ ನಂಬಿಕೆಯ ಮೇಲೆ ಹಾಕಿದ ಲೆಕ್ಕ. ಆಯ್ಕೆ ತಪ್ಪಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಫ್ಲೋಟ್ ಬಂದಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ನನಗೆ ಭಯ ಇರುವುದು ಹಸಿರು ಅಕ್ಷರದ ಬಗ್ಗೆ.

ಹಾಗಾಗಿ ಕೆಲಸ ಶುರು ಮಾಡುವುದು ತೋಟದಲ್ಲಲ್ಲ, ಊರ ಶಾಲೆಯ ಧ್ವಜಕಟ್ಟೆಯಲ್ಲಿ. ಅಲ್ಲಿ ಸಾಮಾನ್ಯವಾಗಿ ಆಕಾಶ ತೆರೆದಿರುತ್ತದೆ, ಕಟ್ಟೆ ಅಲುಗುವುದಿಲ್ಲ, ಯಾರ ತಕರಾರೂ ಇಲ್ಲ. ಕಟ್ಟೆಯ ಒಂದು ಮೂಲೆಯನ್ನು ಬೇರೆ ಬೇರೆ ದಿನ ಮೂರು ಸಲ ಅಳೆದು ನಿರ್ದೇಶಾಂಕ ಬರೆದಿಟ್ಟುಕೊಂಡಿದ್ದೇನೆ. ಆ ಊರಿಗೆ ಹೋದಾಗಲೆಲ್ಲ ಮೊದಲು ಅಲ್ಲಿ ಕಂಬ ಇಡುತ್ತೇನೆ, ವಾಪಸ್ ಬರುವಾಗ ಮತ್ತೆ ಇಡುತ್ತೇನೆ. ಅಡ್ಡಕ್ಕೆ 3 ಸೆಂಟಿಮೀಟರ್ ಒಳಗೆ ಹೊಂದಿದರೆ ಮುಂದಿನ ಕೆಲಸ. ಹೊಂದದಿದ್ದರೆ ಬೇಸ್ (ಗೊತ್ತಿರುವ ಜಾಗದಲ್ಲಿ ನಿಂತು ರೋವರ್‌ಗೆ ತಿದ್ದುಪಡಿ ಕಳಿಸುವ ಇನ್ನೊಂದು ರಿಸೀವರ್) ಇರುವ ಜಾಗದ ನಿರ್ದೇಶಾಂಕವನ್ನೋ, ಕಂಬದ ಎತ್ತರವನ್ನೋ ತಪ್ಪು ಹಾಕಿರುತ್ತೇವೆ. ಹತ್ತು ನಿಮಿಷದ ಕೆಲಸ ಇದು. ಇಡೀ ದಿನದ ಅಳತೆ ವ್ಯರ್ಥವಾಗುವುದನ್ನು ಎರಡು ಸಲ ತಪ್ಪಿಸಿದೆ.

ತಿದ್ದುಪಡಿಯನ್ನು ಸ್ವಂತ ಬೇಸ್ ಇಡದೆ ಸರ್ವೆ ಆಫ್ ಇಂಡಿಯಾದ ಕಾರ್ಸ್ (ಸದಾ ಚಾಲೂ ಇರುವ ಸ್ಥಿರ ಕೇಂದ್ರಗಳ) ಜಾಲದಿಂದ ಮೊಬೈಲ್ ಇಂಟರ್ನೆಟ್ ಮೂಲಕ ತೆಗೆದುಕೊಳ್ಳುವವರು ‘ಕರೆಕ್ಷನ್ ಏಜ್’, ಅಂದರೆ ಬಂದ ತಿದ್ದುಪಡಿ ಎಷ್ಟು ಹಳೆಯದು ಅನ್ನುವ ಅಂಕಿಯ ಮೇಲೆ ಕಣ್ಣಿಡಬೇಕು. ಒಂದೆರಡು ಸೆಕೆಂಡ್ ಇರಬೇಕಾದದ್ದು ಹತ್ತು ದಾಟಿತು ಅಂದರೆ ಅಳತೆ ನಿಲ್ಲಿಸಿ. ಮಲೆನಾಡಿನ ಕಣಿವೆಗಳಲ್ಲಿ ಇದು ದಿನನಿತ್ಯದ ಮಾತು. ನಾನು ಹೆಚ್ಚಾಗಿ ಸ್ವಂತ ಬೇಸನ್ನು ಹತ್ತಿರದ ಬೇಣದ (ಹುಲ್ಲುಗುಡ್ಡದ) ನೆತ್ತಿಯಲ್ಲಿ ಇಡುತ್ತೇನೆ.

ಇನ್ನು ತೋಟದೊಳಗೆ ಹೋಗೋಣ. ಹೆಚ್ಚಿನವರು ಉಪಗ್ರಹ ಎಷ್ಟು ಅಂತ ಎಣಿಸುತ್ತಾರೆ: 28 ಇದೆ, ಸಾಕು ಅಂತ. ಎಣಿಕೆ ಸಾಲದು. ರೋವರ್ ಆ್ಯಪ್‌ನಲ್ಲಿ ಉಪಗ್ರಹದ ಪುಟ ತೆರೆದರೆ ಒಂದೊಂದರ ಎದುರಿಗೂ ಎಸ್‌ಎನ್‌ಆರ್, ಅಂದರೆ ಗದ್ದಲಕ್ಕೆ ಹೋಲಿಸಿದರೆ ಸಂಕೇತ ಎಷ್ಟು ಬಲವಾಗಿದೆ ಅನ್ನುವ ಅಂಕಿ ಇರುತ್ತದೆ. ಬಯಲಿನಲ್ಲಿ, ನೆತ್ತಿಯ ಮೇಲಿರುವ ಉಪಗ್ರಹಕ್ಕೆ 45ರಿಂದ 50 ಬರಬೇಕು. 35ಕ್ಕಿಂತ ಕೆಳಗಿಳಿದದ್ದನ್ನು ನಾನು ನಂಬುವುದಿಲ್ಲ. ಆದರೆ ಒಂದೊಂದು ಅಂಕಿಗಿಂತ ಅವು ಒಟ್ಟಾಗಿ ಹೇಗೆ ನಡೆದುಕೊಳ್ಳುತ್ತವೆ ಅನ್ನುವುದು ಮುಖ್ಯ. ಒಂದೇ ದಿಕ್ಕಿನವು ಮಾತ್ರ ಇಳಿದಿದ್ದರೆ ಆ ದಿಕ್ಕಿನಲ್ಲಿ ಮರವೋ ಧರೆಯೋ ಅಡ್ಡ ಇದೆ. ಒಂದೆರಡು ಉಪಗ್ರಹಗಳ ಅಂಕಿ 44, 36, 43 ಅಂತ ಉಯ್ಯಾಲೆ ಆಡುತ್ತಿದ್ದರೆ, ಎಲ್ಲಿಂದಲೋ ಪುಟಿದು ಬಂದ ಅಲೆ ನೇರ ಅಲೆಯ ಜೊತೆ ಬೆರೆಯುತ್ತಿದೆ ಅಂತ ಅನುಮಾನಿಸಿ. ಎಲ್ಲ ದಿಕ್ಕಿನವೂ ಒಟ್ಟಿಗೆ ಕುಸಿದಿದ್ದರೆ ಹತ್ತಿರದಲ್ಲಿ ಯಾವುದೋ ಸಾಧನ ಗದ್ದಲ ಮಾಡುತ್ತಿದೆ. ಅದೂ ಎಲ್1ರಲ್ಲಿ ಮಾತ್ರ ಕುಸಿದು ಇನ್ನೊಂದು ಆವರ್ತನವಾದ ಎಲ್5 ಚೆನ್ನಾಗಿದ್ದರೆ ಆ ಅನುಮಾನ ಗಟ್ಟಿ. ಈ ಮೂರನ್ನು ಗುರುತಿಸುವುದು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಮೂರಕ್ಕೂ ಮದ್ದು ಬೇರೆ ಬೇರೆ.

ಪುಟಿಯುವ ಅಲೆಯ ಕಾಟ ನಮ್ಮ ಕಡೆ ಹೆಚ್ಚು. ಅಡಿಕೆ ಒಣಗಿಸುವ ಅಟ್ಟದ ತಗಡು, ಕೊಟ್ಟಿಗೆಯ ಶೀಟು, ಕೆರೆಯ ನೀರು, ನಾವೇ ತಂದು ನಿಲ್ಲಿಸಿದ ಜೀಪು, ಎಲ್ಲವೂ ಕನ್ನಡಿಯ ಕೆಲಸ ಮಾಡುತ್ತವೆ. ಅಲೆಯ ತುಂಡನ್ನು ಅಳೆಯುವುದರಲ್ಲಿ ಇದರಿಂದ ಆಗುವ ತಪ್ಪು ಹೆಚ್ಚೆಂದರೆ ಅಲೆಯುದ್ದದ ಕಾಲು ಭಾಗ, ಅಂದರೆ 5 ಸೆಂಟಿಮೀಟರ್ ಒಳಗೆ. ಆದರೆ ಆ ತಪ್ಪೇ ಪೂರ್ಣಸಂಖ್ಯೆಯ ಆಯ್ಕೆಯನ್ನು ದಾರಿ ತಪ್ಪಿಸಿದರೆ ಗೂಟ ಒಂದು ಮೀಟರ್ ಸರಿಯುತ್ತದೆ. ತಗಡಿನ ಮಾಡಿನಿಂದ ಆದಷ್ಟು ದೂರ ನಿಲ್ಲಿ. ಎಲಿವೇಷನ್ ಮಾಸ್ಕ್, ಅಂದರೆ ದಿಗಂತದಿಂದ ಎಷ್ಟು ಮೇಲಿರುವ ಉಪಗ್ರಹಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವ ಮಿತಿಯನ್ನು 15 ಡಿಗ್ರಿಗೆ ಇಡಿ. ತೋಟದೊಳಗೆ ಅಂತ ಅದನ್ನು 30ಕ್ಕೆ ಏರಿಸುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಉಪಗ್ರಹಗಳೆಲ್ಲ ನೆತ್ತಿಯ ಮೇಲೆ ಗುಂಪಾಗಿ ಪಿಡಿಒಪಿ ಕೆಡುತ್ತದೆ. ಉಪಗ್ರಹಗಳು ಆಕಾಶದಲ್ಲಿ ಎಷ್ಟು ಚೆನ್ನಾಗಿ ಹರಡಿವೆ ಅನ್ನುವ ಅಂಕಿ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಪಿಡಿಒಪಿ 3 ದಾಟಿದರೆ ನಾನು ಬಿಂದು ತೆಗೆದುಕೊಳ್ಳುವುದಿಲ್ಲ.

ಮಳೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಈ ಅಲೆಗಳಿಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಆದರೆ ಮಳೆ ನಿಂತ ಮೇಲೆ ಸೋಗೆಗೆ ಅಂಟಿಕೊಂಡ ನೀರು ಸಂಕೇತವನ್ನು ನುಂಗುತ್ತದೆ. ಆಷಾಢದಲ್ಲಿ ತೋಟದೊಳಗಿನ ಗಡಿ ಅಳೆಯುವ ಅರ್ಜಿ ಬಂದರೆ, ಸಾಧ್ಯವಾದರೆ ಬೇಸಿಗೆಗೆ ಬರುತ್ತೇನೆ ಅಂತಲೇ ಹೇಳುತ್ತೇನೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ಬಿಂದುವನ್ನು ಎರಡು ಸಲ ಅಳೆಯಿರಿ ಅಂತ ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ಯಾವಾಗ ಅಂತ ಹೇಳುವುದು ಕಡಿಮೆ. ಜಿಪಿಎಸ್ ಉಪಗ್ರಹಗಳು 23 ಗಂಟೆ 56 ನಿಮಿಷಕ್ಕೊಮ್ಮೆ ಆಕಾಶದ ಅದೇ ಜಾಗಕ್ಕೆ ಬರುತ್ತವೆ. ಅಂದರೆ ಇವತ್ತು ಸಂಜೆ ನಾಲ್ಕಕ್ಕೆ ಅಳೆದು ನಾಳೆಯೂ ನಾಲ್ಕಕ್ಕೇ ಹೋದರೆ ಅದೇ ಉಪಗ್ರಹ, ಅದೇ ಮರದ ಸಂದು, ಅದೇ ತಗಡಿನ ಪ್ರತಿಫಲನ. ಜಿಪಿಎಸ್ ಮಟ್ಟಿಗೆ ಅದೇ ತಪ್ಪು ಮತ್ತೆ ಬಂದು, ಎರಡೂ ಹೊಂದಿತಲ್ಲ ಅಂತ ನಾವು ಸಮಾಧಾನಪಡುತ್ತೇವೆ. ನಾನು ಮರುದಿನ ಬೆಳಿಗ್ಗೆ ಎಂಟಕ್ಕೆ ಹೋಗಿದ್ದರಿಂದ ಮಾತ್ರ ಆ ಏಳು ಮರ ಉಳಿದವು, ಸಂಜೆ ನಾಲ್ಕಕ್ಕೇ ಹೋಗಿದ್ದರೆ ಬಹುಶಃ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಎರಡನೇ ಅಳತೆ ಬೇರೆ ಹೊತ್ತಿನಲ್ಲಿ, ಕನಿಷ್ಠ ಎರಡು ಮೂರು ಗಂಟೆಯ ಅಂತರದಲ್ಲಿ ಆಗಬೇಕು. ಒಂದೇ ಭೇಟಿಯಲ್ಲೂ ಫಿಕ್ಸ್ ಬಂದ ಮೇಲೆ ಅದನ್ನು ರೀಸೆಟ್ ಮಾಡಿ, ಮತ್ತೆ ಮೊದಲಿನಿಂದ ಫಿಕ್ಸ್ ಆಗಲು ಬಿಡಿ. ಒಂದೊಂದು ಸಲವೂ ಮೂರು ನಿಮಿಷ ನಿಲ್ಲಿಸಿ. ಮೊದಲ ಸಲ ಐದು ಸೆಕೆಂಡಿಗೆ ಬಂದ ಫಿಕ್ಸ್ ಎರಡನೇ ಸಲ ಎರಡು ನಿಮಿಷ ತಿಣುಕಿದರೆ ಆ ಜಾಗದ ಮೇಲೆ ಸಂಶಯ ಇರಲಿ.

ಸಂಜೆಯ ಬಗ್ಗೆ ಇನ್ನೊಂದು ಮಾತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಹಾಗಾಗಿ ನಮ್ಮ ಮೇಲಿನ ಅಯಾನುಗೋಳ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಯುರೋಪಿನದರಷ್ಟು ಶಾಂತವಲ್ಲ. ಸೂರ್ಯ ಮುಳುಗಿದ ಮೇಲೆ, ಏಳರಿಂದ ನಡುರಾತ್ರಿಯವರೆಗೆ, ಅದರಲ್ಲಿ ಗುಳ್ಳೆಗಳಂಥ ಖಾಲಿ ಜಾಗಗಳು ಎದ್ದು, ಹಾದುಬರುವ ಅಲೆ ನಕ್ಷತ್ರ ಮಿನುಗಿದಂತೆ ಮಿನುಗುತ್ತದೆ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇದು ಜಾಸ್ತಿ. ಸೂರ್ಯನ 11 ವರ್ಷಗಳ ಚಕ್ರ ಏರಿದ ಕಾಲದಲ್ಲಿ ಇನ್ನೂ ಜಾಸ್ತಿ. ಈ ಸಲದ ಚಕ್ರ ಗರಿಷ್ಠ ಘಟ್ಟ ಮುಟ್ಟಿದೆ ಅಂತ ನಾಸಾ 2024ರ ಅಕ್ಟೋಬರ್‌ನಲ್ಲಿ ತಿಳಿಸಿತು. ಅದೇ ವರ್ಷ ಮೇ 10ರ ಸೌರ ಬಿರುಗಾಳಿಯಲ್ಲಿ ಅಮೆರಿಕದ ಮೆಕ್ಕೆಜೋಳದ ರೈತರ ಟ್ರ್ಯಾಕ್ಟರುಗಳು ಸಾಲು ತಪ್ಪಿ, ಬಿತ್ತನೆಯನ್ನೇ ನಿಲ್ಲಿಸಬೇಕಾಯಿತು. ಕತ್ತಲಾದ ಮೇಲೆ ಒಂದೇ ಒಂದು ಬಿಂದು ಉಳಿದಿದೆ, ಟಾರ್ಚ್ ಹಿಡಿದು ಮುಗಿಸೋಣ ಅನ್ನಬೇಡಿ. ಮಧ್ಯಾಹ್ನ ಎರಡರ ಸುಮಾರಿಗೂ ಅಯಾನುಗೋಳ ದಟ್ಟವಾಗಿರುತ್ತದೆ, ಬೇಸ್ ದೂರ ಇದ್ದಷ್ಟೂ ಅದರ ತೊಂದರೆ. ಕಷ್ಟದ ಬಿಂದುಗಳಿಗೆ ನನ್ನ ಹೊತ್ತು ಬೆಳಿಗ್ಗೆ ಎಂಟರಿಂದ ಹನ್ನೊಂದು.

ಗದ್ದಲ ಮಾಡುವ ಸಾಧನಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಒಮ್ಮೆ ಬೇಸ್ ಇಟ್ಟಲ್ಲಿ ಎಲ್ಲ ಉಪಗ್ರಹವೂ 34ರ ಆಸುಪಾಸು ತೋರಿಸುತ್ತಿತ್ತು. ತಲೆಯ ಮೇಲೆ ಬರೀ ಆಕಾಶ. ಅರ್ಧ ಗಂಟೆ ಕೇಬಲ್ ಬದಲಿಸಿ ನೋಡಿದೆ. ಕೊನೆಗೆ ಪಕ್ಕದಲ್ಲಿ ನಿಂತ ನಮ್ಮ ಬಾಡಿಗೆ ಜೀಪಿನ ಡ್ಯಾಶ್‌ಕ್ಯಾಮ್ ತೆಗೆಸಿದ ಕೂಡಲೇ ಅಂಕಿ 45ಕ್ಕೆ ಏರಿತು. 2001ರಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬಂದರಿನಲ್ಲಿ ಜಿಪಿಎಸ್ ಸಿಗದಂತಾಗಿ, ಹುಡುಕಿದಾಗ ಕಾರಣ ಸಿಕ್ಕಿದ್ದು ಟಿವಿ ಆಂಟೆನಾದೊಳಗಿನ ಆಂಪ್ಲಿಫೈಯರ್‌ನಲ್ಲಿ. ಅಮೆರಿಕದ ನ್ಯೂಅರ್ಕ್ ವಿಮಾನ ನಿಲ್ದಾಣದಲ್ಲಿ ಉಪಗ್ರಹದ ನೆರವಿನಿಂದ ವಿಮಾನ ಇಳಿಸುವ ವ್ಯವಸ್ಥೆಗೆ 2012ರಲ್ಲಿ ತೊಂದರೆ ಕೊಟ್ಟದ್ದು, ತಾನು ಎಲ್ಲಿದ್ದೇನೆ ಅಂತ ಮಾಲೀಕರಿಗೆ ತಿಳಿಯದಿರಲಿ ಎಂದು ಚಾಲಕನೊಬ್ಬ ಗಾಡಿಯಲ್ಲಿ ಸಿಕ್ಕಿಸಿಕೊಂಡಿದ್ದ ಸಣ್ಣ ಜಾಮರ್ (ಸಂಕೇತವನ್ನು ಗದ್ದಲದಿಂದ ಮುಚ್ಚಿಹಾಕುವ ಸಾಧನ). ಅವನಿಗೆ ಬಿದ್ದ ದಂಡ ಸುಮಾರು 32 ಸಾವಿರ ಡಾಲರ್. ಇಲ್ಲಿಯೂ ಖಾಸಗಿಯವರು ಜಾಮರ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಎಲ್ಲ ಉಪಗ್ರಹವೂ ಒಟ್ಟಿಗೆ ಕುಸಿದಾಗ ಕಂಬ ಎತ್ತಿಕೊಂಡು ಐವತ್ತು ಹೆಜ್ಜೆ ನಡೆಯಿರಿ. ಅಂಕಿ ಏರಿದರೆ ಹಿಂದೆ ಬಿಟ್ಟದ್ದರಲ್ಲಿ ಕಾರಣ ಇದೆ. ವಾಹನದ ಎಂಜಿನ್, ಕ್ಯಾಮೆರಾ, ಚಾರ್ಜರ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಮೊಬೈಲ್ ಟವರಿನ ಬುಡದಲ್ಲಿ ಬೇಸ್ ಇಡಬೇಡಿ.

ಇಷ್ಟೆಲ್ಲ ಮಾಡಿಯೂ ದಟ್ಟ ತೋಟದ ನಡುವಿನ ಬಾಂದುಕಲ್ಲಿಗೆ (ಗಡಿಕಲ್ಲಿಗೆ) ನಂಬುವಂಥ ಫಿಕ್ಸ್ ಸಿಗದೆ ಇರಬಹುದು. ಆಗ ಹಟ ಮಾಡಬೇಡಿ. ತೋಟದ ಹೊರಗೆ, ಬೇಣದಲ್ಲೋ ಗದ್ದೆಯ ಬದುವಿನಲ್ಲೋ, ಒಂದಕ್ಕೊಂದು ಕಾಣುವ ಎರಡು ಬಿಂದುಗಳನ್ನು ರೋವರ್‌ನಿಂದ ಚೆನ್ನಾಗಿ ಹಿಡಿಯಿರಿ. ಅವುಗಳ ನಡುವೆ ನೂರು ಮೀಟರ್ ಇದ್ದರೆ ಒಳ್ಳೆಯದು. ಅಲ್ಲಿಂದ ಟೋಟಲ್ ಸ್ಟೇಷನ್ ಇಟ್ಟು ಮರದ ಸಾಲಿನ ಸಂದಿನಲ್ಲಿ ಅಳೆಯುತ್ತಾ ಒಳಗೆ ಹೋಗಿ. ಉಪಗ್ರಹದ ನೆರವಿಲ್ಲದೆ, ನೇರ ನೋಟದಲ್ಲಿ ಕೋನ ಮತ್ತು ದೂರ ಅಳೆಯುವ ಯಂತ್ರ ಅದು. ಅಡಿಕೆಯನ್ನು ಒಂಬತ್ತು ಅಡಿಗೆ ಸಾಲು ಹಿಡಿದು ನೆಟ್ಟಿರುವುದರಿಂದ ನೋಟ ಸಿಗುತ್ತದೆ. ದಿನಕ್ಕೆ ಮೂರು ಮೂಲೆ ಕಡಿಮೆ ಆಗಬಹುದು, ಆಗಲಿ.

ಹಳೆಯ ಟಿಪ್ಪಣಿಯ (ಹಿಂದಿನ ಸರ್ವೆಯ ಅಳತೆ ಬರೆದ ದಾಖಲೆಯ) ವಿಷಯವನ್ನೂ ಅಳೆಸುವವರಿಗೆ ಮೊದಲೇ ತಿಳಿಸುತ್ತೇನೆ. ಮುಂಬೈ ಆಡಳಿತದ ಕಾಲದ ಸರಪಳಿ 33 ಅಡಿ, ಅದರಲ್ಲಿ 16 ಆಣೆ, ಒಂದು ಆಣೆ ಅಂದರೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ದಾಖಲೆಯೇ ಎರಡಡಿಯ ಲೆಕ್ಕದಲ್ಲಿರುವಾಗ ನೆಲದ ಮೇಲಿನ ಕಲ್ಲು, ಅಗಳ, ಹಳೆಯ ಮರ ಹೇಳುವ ಸಾಕ್ಷಿಗೆ ರೋವರ್‌ನ ಸೆಂಟಿಮೀಟರ್‌ಗಿಂತ ತೂಕ ಹೆಚ್ಚು. ನಮ್ಮ ಅಳತೆ ಸರಿಯಿರಬೇಕಾದದ್ದು ಆ ಸಾಕ್ಷಿಯನ್ನು ಕೆಡಿಸದಿರಲಿ ಅಂತ.

ಆ ಹಿಸ್ಸೆಯ ಕೆಲಸಕ್ಕೆ ಮೂರನೇ ದಿನ ಟೋಟಲ್ ಸ್ಟೇಷನ್ ತಂದೆ. ಬೇಣದಿಂದ ಒಳಗೆ ಬಂದ ಅಳತೆ ಬೆಳಿಗ್ಗೆಯ ಫಿಕ್ಸಿಗೆ 4 ಸೆಂಟಿಮೀಟರ್‌ನಲ್ಲಿ ಹೊಂದಿತು. ಸಂಜೆಯದು ತಪ್ಪು ಅಂತ ಖಚಿತವಾಯಿತು. ಮೊದಲ ಗೂಟವನ್ನು ಅಣ್ಣತಮ್ಮಂದಿರಿಬ್ಬರ ಎದುರಿಗೇ ಕಿತ್ತು, ಮೂರು ಅಳತೆಗಳ ಹೊತ್ತು, ಉಪಗ್ರಹಗಳ ಎಣಿಕೆ, ಪಿಡಿಒಪಿ, ವ್ಯತ್ಯಾಸ ಎಲ್ಲವನ್ನೂ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಇಬ್ಬರ ಸಹಿ ಹಾಕಿಸಿಕೊಂಡೆ. ಈಗ ಪ್ರತಿಯೊಂದು ಗೂಟಕ್ಕೂ ಹಾಗೆ ಒಂದು ಪುಟ ಬರೆಯುತ್ತೇನೆ, ಪ್ರತಿಯನ್ನು ಎರಡೂ ಮನೆಗೆ ಕೊಡುತ್ತೇನೆ.