ಐಸಿಂಗ್ ಸಡಿಲವಾದರೆ ಸಕ್ಕರೆ ಸುರಿಯಬೇಡಿ

ಕೇಕಿಗೆ ಬಳಿಯುವ ಬೆಣ್ಣೆಯ ಐಸಿಂಗ್ ಸ್ವಲ್ಪ ಸಡಿಲವಾಯಿತು ಎನ್ನುವಷ್ಟರಲ್ಲಿ ಈಗಿನವರ ಕೈ ಸಕ್ಕರೆ ಹುಡಿಯ ಡಬ್ಬಿಗೆ ಹೋಗಿರುತ್ತದೆ. ಒಂದು ಸೌಟು, ಮತ್ತೊಂದು ಸೌಟು. ಕೊನೆಗೆ ಹಲ್ಲು ಜುಂ ಎನ್ನುವಷ್ಟು ಸಿಹಿ, ಹೂವು ಮಾತ್ರ ನಿಲ್ಲುವುದಿಲ್ಲ. ಹೇಗೆ ನಿಂತೀತು? ಸಕ್ಕರೆ ಕಡಿಮೆಯಾದದ್ದಲ್ಲ, ಬೆಣ್ಣೆ ಬಿಸಿಯಾದದ್ದು. ಬೆಣ್ಣೆ 32–35 ಡಿಗ್ರಿಗೆ ಪೂರಾ ಕರಗಿಯೇ ಹೋಗುತ್ತದೆ, ಅದಕ್ಕೂ ಎಷ್ಟೋ ಮೊದಲು ಜಾರಲು ಸುರು ಮಾಡುತ್ತದೆ. ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಏಪ್ರಿಲ್ ಮಧ್ಯಾಹ್ನ ಅಡುಗೆಮನೆಯಲ್ಲಿ ಎಷ್ಟು ಸೆಕೆ ಉಂಟೆಂದು ಹೊಸದಾಗಿ ಹೇಳಬೇಕೇ? ಮನೆಯಲ್ಲಿ ಮಜ್ಜಿಗೆ ಕಡೆಯುವವರಿಗೆ ಇದು ಗೊತ್ತು: ನಸುಕಿಗೆ ಕಡೆದರೆ ಗಟ್ಟಿ ಮುದ್ದೆ, ಬಿಸಿಲೇರಿದ ಮೇಲೆ ಕಡೆದರೆ ಕೈಗೆಲ್ಲ ಜಿಡ್ಡು. ಐಸಿಂಗಿಗೂ ಅದೇ ನ್ಯಾಯ. ಬೆಳಿಗ್ಗೆ ಏಳರೊಳಗೆ ಮುಗಿಸಿ.

ಇದೇ ಕರಾವಳಿಯ ತಲಶ್ಶೇರಿಯಲ್ಲಿ ಬೇಕರಿಯ ಮಂಬಳ್ಳಿ ಬಾಪು 1883ರಲ್ಲಿ ಮಾಡಿದರೆನ್ನುವ ಕ್ರಿಸ್‌ಮಸ್ ಕೇಕು ಒಣಹಣ್ಣಿನದು, ಈ ಹವೆಗೆ ಹೆದರುವಂಥದ್ದಲ್ಲ. ಬೆಣ್ಣೆ ಬಳಿದ ಕೇಕು ಚಳಿ ಊರಿನವರ ಅಡುಗೆ. ಅದನ್ನು ಇಲ್ಲಿ ಮಾಡುವುದಾದರೆ ಮೊದಲು ತಂಪಿನ ವ್ಯವಸ್ಥೆ ಮಾಡಿಕೊಳ್ಳಬೇಕು.

ಒಂದು ಕಿಲೋ ಕೇಕಿಗೆ ಉಪ್ಪಿಲ್ಲದ ಬೆಣ್ಣೆ ಕಾಲು ಕಿಲೋ, ಸಕ್ಕರೆ ಹುಡಿ 400 ಗ್ರಾಂ ಸಾಕು. ಮನೆಯ ಬೆಣ್ಣೆ ಬೇಡ, ಅದರಲ್ಲಿ ನೀರು ಹೆಚ್ಚು, ಹುಳಿ ವಾಸನೆಯೂ ಬಿಡದು. ಅದು ದೋಸೆಗೇ ಚೆಂದ. ಐಸಿಂಗಿನ ಬೆಣ್ಣೆಗೆ ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳು ಹೊಳೆಯಬಾರದು. ಹೊಳೆದರೆ ಬೆಣ್ಣೆ ಹದ ಮೀರಿದೆ, ಫ್ರಿಜ್ಜಿಗೆ ಇಡಿ. ಸಕ್ಕರೆಯನ್ನು ಮನೆಯಲ್ಲೇ ಹುಡಿ ಮಾಡುವವರು ಕಪ್ಪಿಗೊಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ ನುಣ್ಣಗೆ ಮಾಡಿ, ಮಿಕ್ಸಿಯ ಬಿಸಿ ಆರುವ ತನಕ ಕಾದು, ತೆಳು ಬಟ್ಟೆಯಲ್ಲಿ ಎರಡು ಸಲ ಗಾಳಿಸಿ. ಒಂದೇ ಒಂದು ಹರಳು ಉಳಿದರೂ ಹೆಸರು ಬರೆಯುವ ಕಾಗದದ ಕೋನಿನ ಬಾಯಿಗೆ ಸಿಕ್ಕಿಕೊಂಡು ಕಾಗದ ಒಡೆಯುತ್ತದೆ.

ಬೆಣ್ಣೆ, ಸಕ್ಕರೆ ಕೂಡಿಸಿ ಕಡೆದ ಮೇಲೂ ಐಸಿಂಗ್ ಸಡಿಲವಾದರೆ ಅಗಲ ಉರುಳಿ ಪಾತ್ರೆಗೆ ಐಸು, ನೀರು ಹಾಕಿ, ಬಟ್ಟಲನ್ನು ಅದರೊಳಗೆ ಕೂರಿಸಿ, ಅಂಚಿನದನ್ನು ಒಳಗೆ ಎಳೆಯುತ್ತ ಎರಡು ನಿಮಿಷ ತಿರುಗಿಸಿ. ಹೊರಗೆ ತೆಗೆದು ಕಡೆಯಿರಿ, ಹೂವು ನಿಲ್ಲುವ ಹದಕ್ಕೆ ಬರುತ್ತದೆ. ಮೊಸರು ಒಡೆದ ಹಾಗೆ ಕಂಡರೆ ತಣ್ಣಗಾದದ್ದು ಹೆಚ್ಚಾಯಿತೆಂದೇ ಅರ್ಥ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಬಟ್ಟಲಿನ ಸುತ್ತ ಹಿಡಿದು ಕಡೆಯುತ್ತ ಬನ್ನಿ, ಕೂಡಿಕೊಳ್ಳುತ್ತದೆ. ಒಡೆಯಿತೆಂದು ಚೆಲ್ಲುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೇಕು ಪೂರ್ತಿ ಆರದೆ ಐಸಿಂಗ್ ಮುಟ್ಟಿಸಲೇಬಾರದು. ಮೇಲೆ ಉಬ್ಬಿದ್ದನ್ನು ಕೊಯ್ದು ಮಗುಚಿ ಹಾಕಿದರೆ ಸಪಾಟಾದ ತಳ ಮೇಲೆ ಬರುತ್ತದೆ. ಮೊದಲ ಲೇಪ ಕೇಕಿನ ಬಣ್ಣ ಕಾಣುವಷ್ಟು ತೆಳು ಇರಲಿ, ಅದು ಉದುರುವ ಹುಡಿಯನ್ನು ಹಿಡಿದಿಡಲಿಕ್ಕೆ ಮಾತ್ರ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಎರಡನೆಯದನ್ನು ಬಳಿಯಿರಿ. ಸುಣ್ಣ ಬಳಿಯುವವರು ಮೊದಲ ಕೈ ಒಣಗದೆ ಎರಡನೆಯ ಕೈ ಹಾಕುತ್ತಾರೆಯೇ?

ಇನ್ನು ಹೆಸರು ಬರೆಯುವುದು. ಪೇಟೆಯ ದೊಡ್ಡ ಪೈಪಿಂಗ್ ಚೀಲಕ್ಕೆ ಎಲ್ಲವನ್ನೂ ಒಟ್ಟಿಗೆ ತುಂಬಿ ಹಿಂಡುತ್ತ ಕೂರಬೇಡಿ. ಅಂಗೈಯ ಬಿಸಿಗೇ ಬೆಣ್ಣೆ ಇಳಿದು ನಾಲ್ಕನೆಯ ಅಕ್ಷರಕ್ಕೆ ಹೊಳೆಯಂತೆ ಹರಿಯುತ್ತದೆ. ಬಟರ್ ಪೇಪರಿನ ಪುಟ್ಟ ಕೋನುಗಳು ಬೇಕು, ಒಂದಲ್ಲ, ಮೂರು. ಗೇಣು ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ. ಉದ್ದದ ಅಂಚು ಆಚೆಗೆ, ಚೌಕದ ಮೂಲೆ ನಿಮ್ಮ ಕಡೆಗೆ. ಆ ಉದ್ದದ ಅಂಚಿನ ನಟ್ಟನಡುವೆ ಎಡ ಹೆಬ್ಬೆರಳಿಡಿ, ಕೋನಿನ ಮೊನೆ ಏಳುವುದು ಅಲ್ಲೇ. ಬಲದ ತುದಿಯನ್ನು ಒಳಗೆ ಸುರುಳಿ ಸುತ್ತಿ ನಿಮ್ಮ ಕಡೆಯ ಮೂಲೆಗೆ ತನ್ನಿ. ಎಡದ ತುದಿಯನ್ನು ಹೊರಗಿನಿಂದ ಸುತ್ತಿಸಿ ಅದೇ ಮೂಲೆಯ ಬೆನ್ನಿಗೆ ಸೇರಿಸಿ. ಮೂರು ತುದಿಗಳನ್ನೂ ಬೆರಳಲ್ಲಿ ಮೆಲ್ಲ ಜಗ್ಗಿ, ಮೊನೆ ಸೂಜಿಯಷ್ಟು ಮುಚ್ಚಿಕೊಳ್ಳುವ ತನಕ. ಬೆಳಕಿಗೆ ಹಿಡಿದು ನೋಡಿ: ಮೊನೆಯಲ್ಲಿ ತೂತು ಕಂಡರೆ ಮತ್ತೆ ಜಗ್ಗಬೇಕು. ಆಮೇಲೆ ತುದಿಗಳನ್ನು ಒಳಗೆ ಮಡಚಿ, ಅರ್ಧದಷ್ಟು ಮಾತ್ರ ತುಂಬಿ, ಬಾಯಿಯನ್ನು ಎರಡು ಸುತ್ತು ಮಡಚಿ. ಮದರಂಗಿ ಕೋನಿನ ಹಾಗೆಯೇ. ಹಿಂದೆ ಮದರಂಗಿ ಸೊಪ್ಪು ಅರೆದು ಕಡ್ಡಿಯಲ್ಲಿ ಚುಕ್ಕಿ ಇಡುತ್ತಿದ್ದ ಕಾಲದಲ್ಲಿ ಎಲ್ಲಿತ್ತು ಈ ಅನುಕೂಲ! ಕೋನ್ ಹಿಡಿದು ಕೈತುಂಬ ಬಳ್ಳಿ ಬರೆಯುವ ಹುಡುಗಿಯರು ಕೇಕಿನ ಮುಂದೆ ಮಾತ್ರ ಯಾಕೆ ಹೆದರುತ್ತಾರೋ.

ಒಂದು ಕೋನು ಕೈಯಲ್ಲಿ, ಎರಡು ಫ್ರಿಜ್ಜಿನಲ್ಲಿ. ಎರಡಕ್ಷರ ಬರೆದು ಬದಲಾಯಿಸಿ. ಮೊನೆಯನ್ನು ಗುಂಡುಸೂಜಿಯ ತಲೆಯಷ್ಟೇ ಕತ್ತರಿಸಿ. ಮೊನೆಯಿಂದ ಕೇಕನ್ನು ಕೆರೆಯಬೇಡಿ, ಬೆರಳಗಲ ಮೇಲಿನಿಂದ ಎಳೆ ತಾನಾಗಿ ಬೀಳಬೇಕು. ಅಕ್ಷರ ಮುಗಿಯುವಾಗ ಒತ್ತುವುದನ್ನು ಮೊದಲು ನಿಲ್ಲಿಸಿ, ಆಮೇಲೆ ಕೈಯೆತ್ತಿ. ಇಲ್ಲದಿದ್ದರೆ ಬಾಲ ಉಳಿಯುತ್ತದೆ. ಎಳೆ ತುಂಡಾದರೆ ಆ ಕೋನಿನದಕ್ಕೆ ಮೂರ್ನಾಲ್ಕು ಹನಿ ಹಾಲು ಸೇರಿಸಿ. ಮೊದಲು ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ಬರೆದು ಕಲಿಯಿರಿ, ಕೆರೆದು ಮತ್ತೆ ತುಂಬಬಹುದು. ಮನೆಯ ಕೇಕಿಗೆ ಹೆಸರನ್ನು ಕನ್ನಡದಲ್ಲೇ ಬರೆಯಿರಿ. ನಮ್ಮ ಗುಂಡು ಅಕ್ಷರ ಕೋನಿಗೆ ಹೇಳಿ ಮಾಡಿಸಿದಂಥದ್ದು. ಹೊಸ ತೆಂಗಿನ ಕಡ್ಡಿಯಲ್ಲಿ ಮೊದಲು ತೆಳುವಾಗಿ ಗೀರಿಕೊಳ್ಳಿ, ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಿ. ಒತ್ತು ಹೋಗಿ ಕೇಕಿನ ಅಂಚಿನಿಂದ ನೇತಾಡಿದರೆ ಹುಟ್ಟುಹಬ್ಬದ ಮಗುವಿನ ಹೆಸರೇ ಕೆಡುತ್ತದೆ.

ನೀರಿನಂಥ ಬಣ್ಣ ಬೇಡ, ಜೆಲ್ ಬಣ್ಣ ಕಡ್ಡಿಯ ತುದಿಯಷ್ಟು ಸಾಕು. ಒಂದೆರಡು ಗಂಟೆಯಲ್ಲಿ ಬಣ್ಣ ತಾನೇ ಗಾಢವಾಗುತ್ತದೆ. ಅನಾನಸನ್ನು ಹಸಿಯಾಗಿ ಇಟ್ಟರೆ ಹಾಲಿನ ಕ್ರೀಮು ಕಹಿಯಾಗುತ್ತದೆ. ಸಕ್ಕರೆ ಹಾಕಿ ಬೇಯಿಸಿ, ಆರಿಸಿ, ಒರೆಸಿ ಇಡಿ. ಜೆಮ್ಸ್ ಮಿಠಾಯಿ ಇಡುವುದು ಕೇಕು ಕತ್ತರಿಸುವ ಹೊತ್ತಿಗೆ, ಅದಕ್ಕೆ ಮೊದಲಲ್ಲ.

ಬೆಣ್ಣೆ ಮೆತ್ತಿದ ಪಾತ್ರೆಗಳನ್ನು ಸೀದಾ ನಳ್ಳಿಯ ಕೆಳಗೆ ಹಿಡಿಯುವುದು ಇನ್ನೊಂದು ಕೆಟ್ಟ ಅಭ್ಯಾಸ. ಬಟ್ಟಲನ್ನು ಹಳೆ ಪೇಪರಿನಿಂದ ಒರೆಸಿದ ಮೇಲೆ ಬಿಸಿನೀರು. ಪೈಪಿನೊಳಗೆ ಕಟ್ಟಿದ ಜಿಡ್ಡು ತೆಗೆಯುವ ಕಷ್ಟ ಅಡುಗೆಮನೆ ತೊಳೆಯುವವರಿಗೇ ಗೊತ್ತು.

ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಕೇಕಿನ ಮೇಲೆ ಬೆವರು ಕೂತು ಬಣ್ಣ ಇಳಿಯುತ್ತದೆ. ಕೇಕನ್ನು ಡಬ್ಬಿಯಲ್ಲಿಟ್ಟೇ ಫ್ರಿಜ್ಜಿಗೆ ಇಡಿ, ಹೊರಗೆ ತಂದ ಮೇಲೆ ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ. ಬೆವರು ಡಬ್ಬಿಯ ಹೊರಮೈಗೆ ಕೂರಲಿ. ಡಬ್ಬಿಯನ್ನು ನೀರು ತುಂಬಿದ ಹರಿವಾಣದ ನಡುವೆ ಎತ್ತರದ ಮಣೆಯ ಮೇಲಿಟ್ಟರೆ ಇರುವೆಯೂ ಹತ್ತದು.