ಕೈ ಹಿಂದೆ ಕಟ್ಟಿಕೊಂಡ ಐದು ವಾರ

ಮೊದಲ ವಾರದ ಒಂದು ಸಂಜೆ ನನಗೆ ಬಿದಿರಿನ ತುಂಡುಗಳಿಗೆ ಅಂಟು ಮೆತ್ತುವ ಕೆಲಸ ಕೊಟ್ಟರು. ಡಬ್ಬಿಯ ಮುಚ್ಚಳ ತೆಗೆದು ಒಂದು ಗಳಿಗೆ ಸುಮ್ಮನೆ ನಿಂತೆ. ಜೇನುಬಣ್ಣದ ಹರಳುಗಳು. ನಮ್ಮ ಅಮೀನಗಡದಲ್ಲಿ ಕರದಂಟಿಗೆಂದು ತುಪ್ಪದಲ್ಲಿ ಅರಳಿಸುವ ಅಂಟಿನಂಥದೇ ಅಂಟು. ಬಾಣಂತಿಯರಿಗೆ ಅವ್ವ ಅಂಟಿನ ಉಂಡಿ ಕಟ್ಟುವುದನ್ನು ನೋಡುತ್ತ ಬೆಳೆದವಳು ನಾನು. ಥಾಯ್ಲೆಂಡಿನ ಆ ಶೆಡ್ಡಿನಲ್ಲಿ ಅದನ್ನೇ ನೀರಲ್ಲಿ ಕಲಸಿ, ಬಿದಿರಿನ ತೂತುಗಳಿಗೆ ತುಂಬಿ ಸ್ಲೋ ಲೋರಿಸ್‌ಗೆ ಇಡಬೇಕಿತ್ತು. ನಮ್ಮ ದಕ್ಷಿಣದ ಕಾಡುಗಳ ಕಾಡುಪಾಪದ ಬಳಗವೇ ಅದು. ರಾತ್ರಿ ಎಚ್ಚರವಿರುವ, ಮುಖದ ತುಂಬ ಕಣ್ಣೇ ಇರುವ ಪ್ರಾಣಿ.

ಕಾಡಿನಲ್ಲಾದರೆ ಅವು ಕೆಳಗಿನ ಮುಂಹಲ್ಲುಗಳಿಂದ ಮರದ ತೊಗಟೆ ಕೆರೆದು, ಒಸರಿದ ಅಂಟನ್ನು ನೆಕ್ಕುತ್ತವೆ. ನಾನು ಅಂಟು ಇಡುತ್ತಿದ್ದ ಲೋರಿಸ್‌ಗೆ ಆ ಹಲ್ಲುಗಳೇ ಇರಲಿಲ್ಲ. ಲೋರಿಸ್‌ನ ಮೊಣಕೈ ಹತ್ತಿರ ಒಂದು ಗ್ರಂಥಿ ಇದೆ. ಅದರ ರಸವನ್ನು ನೆಕ್ಕಿಕೊಂಡಾಗ ಜೊಲ್ಲು ಸೇರಿ ವಿಷವಾಗುತ್ತದೆ. ಕಚ್ಚದಿರಲಿ ಎಂದು ಮಾರುವವರು ಮೊದಲೇ ಹಲ್ಲು ಕತ್ತರಿಸಿಬಿಡುತ್ತಾರೆ. ಆಮೇಲೆ ಅದು ಸಮುದ್ರದಂಡೆಯಲ್ಲಿ ಪ್ರವಾಸಿಗರ ಹೆಗಲ ಮೇಲೆ ಫೋಟೊಗೆ ಕೂರುತ್ತದೆ. ಕಚಗುಳಿ ಇಟ್ಟರೆ ಎರಡೂ ಕೈ ಎತ್ತುವ ಲೋರಿಸ್ ವಿಡಿಯೊ ನಾನೂ ನೋಡಿದ್ದೆ, ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೂ ತೋರಿಸಿದ್ದೆ. ಹೆದರಿದ ಲೋರಿಸ್ ಆ ಗ್ರಂಥಿಗೆ ಬಾಯಿ ಮುಟ್ಟಿಸಲೆಂದು ಹಾಗೆ ಕೈ ಎತ್ತುತ್ತದೆ ಎಂದು ಗೊತ್ತಾದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 2007ರಲ್ಲೇ ವನ್ಯಜೀವಿ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿ ಇವುಗಳ ಅಂತರರಾಷ್ಟ್ರೀಯ ವ್ಯಾಪಾರ ನಿಲ್ಲಿಸಿದ್ದಾರೆ. ಆದರೂ ಕದ್ದು ಹಿಡಿಯುವುದು ನಿಂತಿಲ್ಲ. ಹಲ್ಲು ಹೋದ ಲೋರಿಸ್ ಕಾಡಿಗೆ ಮರಳುವಂತಿಲ್ಲ. ಅದು ಬದುಕಿರುವಷ್ಟು ದಿನ ಯಾರಾದರೂ ಬಿದಿರಿಗೆ ಅಂಟು ಮೆತ್ತಲೇಬೇಕು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೇಸಿಗೆ ರಜೆಯ ಐದು ವಾರ ಬ್ಯಾಂಕಾಕಿನಿಂದ ಮೂರು ತಾಸಿನ ದಾರಿಯಲ್ಲಿರುವ ಒಂದು ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಸ್ವಯಂಸೇವಕಿಯಾಗಿದ್ದೆ. ಇಂಥ ಕಡೆ ಊಟ, ವಸತಿಗೆಂದು ನಾವೇ ವಾರಕ್ಕಿಷ್ಟು ಎಂದು ಹಣ ಕಟ್ಟಬೇಕು. ಅವ್ವನಿಗೆ ಇದು ತಲೆಗೇ ಹತ್ತಲಿಲ್ಲ. “ರೊಕ್ಕಾನೂ ನಾವ ಕೊಟ್ಟು, ದುಡಿಮೀನೂ ನಾವ ಮಾಡೂದು ಅಂದ್ರ ಇದೆಂಥಾ ಲೆಕ್ಕಾನ ಯವ್ವಾ?” ಎಂದಳು. “ಗೋಶಾಲಿಗೆ ವರ್ಷಾ ನೀ ಕಣಿಕಿ ಕಳಸ್ತಿಯಲ್ಲ ಎವ್ವಾ, ಹಂಗ ಅಂತ ತಿಳಿ” ಎಂದೆ. ಆಮೇಲೆ ಆಕೆ ಬೇಡವೆನ್ನಲಿಲ್ಲ. ಟಿಕೆಟ್ಟು, ವಿಮೆ, ಕೇಂದ್ರದ ಶುಲ್ಕ ಎಲ್ಲ ಸೇರಿ ನನ್ನ ಎರಡು ವರ್ಷದ ಉಳಿತಾಯ ಖರ್ಚಾಯಿತು.

ಕೇಂದ್ರ ಆರಿಸಲು ಹಿಡಿದ ಸಮಯಕ್ಕೆ ನಾನು ಬೇಸರಪಡುವುದಿಲ್ಲ. ನಾಲ್ಕು ಕಡೆ ಪತ್ರ ಬರೆದಿದ್ದೆ. ಒಂದು ಕಡೆಯವರು ಮರಿಗಳನ್ನು ಎದೆಗವಚಿಕೊಂಡ ಸ್ವಯಂಸೇವಕರ ಫೋಟೊ ಕಳಿಸಿ “ನೀವೂ ಬಾಟಲಿಯಲ್ಲಿ ಹಾಲು ಕುಡಿಸಬಹುದು” ಎಂದರು. ಅಲ್ಲಿಗೆ ಅದನ್ನು ಬಿಟ್ಟೆ. ವರ್ಷವಿಡೀ ಅಪ್ಪಿಕೊಳ್ಳಲು ಮರಿ ಸಿಗುತ್ತವೆಂದರೆ ಆ ಮರಿಗಳು ಎಲ್ಲಿಂದ ಬರುತ್ತವೆ ಎಂದು ಕೇಳಿಕೊಳ್ಳಬೇಕು. ನಾನು ಕೇಳಿದ್ದು ಇಷ್ಟೇ: ಇಲ್ಲಿ ಮರಿ ಮಾಡಿಸುತ್ತೀರಾ? ಸವಾರಿ, ಫೋಟೊ ಇದೆಯೇ? ಬಿಡುಗಡೆಯಾಗಲಾರದ ಪ್ರಾಣಿ ಎಲ್ಲಿರುತ್ತದೆ? ನಾನು ಹೋದ ಕೇಂದ್ರದವರು ಮೂರಕ್ಕೂ ನೇರ ಉತ್ತರ ಕೊಟ್ಟು, ಕೊನೆಗೆ “ನೀವು ಯಾವ ಪ್ರಾಣಿಯನ್ನೂ ಮುಟ್ಟುವುದಿಲ್ಲ” ಎಂದು ಬರೆದಿದ್ದರು. ವೀಸಾ ಯಾವುದು ಬೇಕೆಂಬುದನ್ನೂ ಅವರಿಂದ ಬರಹದಲ್ಲೇ ತರಿಸಿಕೊಂಡೆ. ಸಂಬಳವಿಲ್ಲದಿದ್ದರೂ ಅದು ಕೆಲಸವೇ, ಪ್ರವಾಸಿಯೆಂದು ಹೇಳಿ ಹೋಗುವುದು ಸರಿಯಲ್ಲ.

ರೇಬೀಸ್ ಚುಚ್ಚುಮದ್ದು ಮುಂಚಿತವಾಗಿ ಮೂರು ಬಾರಿ ಬಾಗಲಕೋಟೆಯಲ್ಲಿ ಹಾಕಿಸಿಕೊಂಡೆ: ಮೊದಲ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ. ತೊಡಕಾದದ್ದು ಕ್ಷಯದ ಪರೀಕ್ಷೆ. ಮಂಗಗಳಿಗೂ, ಬಾಲವಿಲ್ಲದ ಉದ್ದ ತೋಳಿನ ವಾನರವಾದ ಗಿಬ್ಬನ್‌ಗಳಿಗೂ ನಮ್ಮಿಂದ ಕ್ಷಯ ತಗಲುತ್ತದೆ. ನಮ್ಮ ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವ ಹರ್ಪಿಸ್ ಕೂಡ ಗಿಬ್ಬನ್‌ನ ಜೀವ ತೆಗೆಯಬಲ್ಲದು. ನನ್ನ ಕೈಯ ಚರ್ಮದ ಪರೀಕ್ಷೆ ಕೆಂಪಗೆ ಉಬ್ಬಿತು. ಕ್ಷಯವೇ ಇರಬೇಕೆಂದು ಎರಡು ದಿನ ಊಟ ಸೇರಲಿಲ್ಲ. ಚಿಕ್ಕಂದಿನಲ್ಲಿ ಕ್ಷಯದ ಲಸಿಕೆ ಬಿಸಿಜಿ ಹಾಕಿಸಿಕೊಂಡ ನಮ್ಮಂಥವರಿಗೆ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿ ಎದೆಯ ಎಕ್ಸ್‌ರೇ ತೆಗೆಸಿದ ಮೇಲೆ ಪತ್ರ ಕೊಟ್ಟರು. ಹೊರಡುವ ಎರಡು ತಿಂಗಳು ಮೊದಲೇ ಇದನ್ನು ಮುಗಿಸಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ.

ಊಟದ ವಿಚಾರ ಬೇಗ ಬಗೆಹರಿಯಿತು. ಅಲ್ಲಿ ಎಲ್ಲಕ್ಕೂ ಮೀನಿನ ಸಾರ ಬೀಳುತ್ತದೆ, ಆದರೆ “ಜೇ” ಎಂದರೆ ಶುದ್ಧ ಸಸ್ಯಾಹಾರ ಎಂದು ಅಡುಗೆಯವರಿಗೆ ಅರ್ಥವಾಗುತ್ತದೆ. ಜೊತೆಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆ.

ಬೆಳಿಗ್ಗೆ ಆರೂವರೆಗೆ ಕೆಲಸ ಶುರು. ಬೂಟನ್ನು ಔಷಧದ ನೀರಿನಲ್ಲಿ ಅದ್ದಿ, ಮಾಸ್ಕ್ ಕಟ್ಟಿಕೊಂಡು ಸೌತೆಕಾಯಿ, ಉದ್ದ ಬೀನ್ಸ್, ಗೆಣಸು ಹೆಚ್ಚುವುದು. ಬಾಳೆಹಣ್ಣು ಕಡಿಮೆ, ನಾವು ಬೆಳೆಯುವ ಹಣ್ಣಿನಲ್ಲಿ ಸಕ್ಕರೆ ಅವಕ್ಕೆ ಹೆಚ್ಚಾಗುತ್ತದೆ. ಹೆಚ್ಚಿದ್ದನ್ನು ತಟ್ಟೆಯಲ್ಲಿ ಸುರಿಯುವಂತಿಲ್ಲ. ಬಿದಿರಿನ ಕೊಳವೆಯಲ್ಲಿ, ಎಲೆ ತುಂಬಿದ ಚೀಲದಲ್ಲಿ ಅಡಗಿಸಬೇಕು. ಕಾಡಿನಲ್ಲಿ ದಿನವೆಲ್ಲ ಹುಡುಕಿ ತಿನ್ನುವ ಪ್ರಾಣಿಗೆ ಹತ್ತು ನಿಮಿಷದಲ್ಲಿ ಊಟ ಮುಗಿದರೆ ಉಳಿದ ಹೊತ್ತು ಅದು ತನ್ನ ಕೂದಲನ್ನೇ ಕಿತ್ತುಕೊಳ್ಳುತ್ತದೆ. ಹಾಗೆ ಕಿತ್ತುಕೊಂಡು ತೋಳು ಬೋಳಾದ ಒಂದು ಮಂಗವನ್ನು ನೋಡಿದೆ. ದಕ್ಷಿಣ ಥಾಯ್ಲೆಂಡಿನಲ್ಲಿ ಕುತ್ತಿಗೆಗೆ ಹಗ್ಗ ಕಟ್ಟಿ ತೆಂಗಿನಕಾಯಿ ಕೀಳಿಸುತ್ತಿದ್ದ ಮಂಗ ಅದು.

ನಸುಕಿನಲ್ಲಿ ಗಿಬ್ಬನ್‌ಗಳು ಹಾಡುತ್ತವೆ. ಹೆಣ್ಣು ಮೆಲ್ಲಗೆ ಎತ್ತಿಕೊಂಡು ಏರಿಸುತ್ತ ಏರಿಸುತ್ತ ಹೋಗಿ ಇಳಿಸುತ್ತದೆ, ಇಳಿಯುವ ಹೊತ್ತಿಗೆ ಗಂಡು ಸೊಲ್ಲು ಹಿಡಿಯುತ್ತದೆ. ನಮ್ಮೂರ ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟದ್ದನ್ನು ಇನ್ನೊಬ್ಬರು ಹಿಡಿಯುವಂತೆ. ಅಲ್ಲಿದ್ದ ಹೆಚ್ಚಿನವು ಸಾಕಲು ತಂದವು. ಮರಿ ಬೇಕೆಂದರೆ ಅದನ್ನು ಅವುಚಿಕೊಂಡ ತಾಯಿಯನ್ನು ಗುಂಡಿಟ್ಟು ಬೀಳಿಸುತ್ತಾರೆ. ಆರೇಳು ವರ್ಷಕ್ಕೆ ಪ್ರಾಯಕ್ಕೆ ಬಂದು ಕೋರೆಹಲ್ಲಿನಿಂದ ಕಚ್ಚಲು ಶುರುಮಾಡಿದಾಗ ಸಾಕಿದವರು ತಂದು ಬಿಡುತ್ತಾರೆ. ಮನುಷ್ಯರ ನಡುವೆ ಬೆಳೆದ ಗಿಬ್ಬನ್‌ಗೆ ಜೋಡಿ ಕೂಡಿಸಿ, ಸಂಸಾರ ಮಾಡಿಸಿ, ಕಾಡಿಗೆ ಬಿಡಲು ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟೂ ದಿನ ಅದು ನಮ್ಮನ್ನು ಮರೆಯಬೇಕು.

ಮೂರನೇ ವಾರ ನಾನು ತಪ್ಪು ಮಾಡಿದೆ. ಒಂದು ಎಳೆಯ ಗಿಬ್ಬನ್ ಜಾಳಿಗೆಯಿಂದ ಕೈ ಚಾಚಿತು. ಉದ್ದುದ್ದ ಬೆರಳು, ಅಂಗೈ ಕಪ್ಪು, ಹೆಬ್ಬೆರಳು ಮಣಿಕಟ್ಟಿನ ಹತ್ತಿರದಿಂದಲೇ ಬೇರೆಯಾದಂತೆ. ಯಾರೂ ಇರಲಿಲ್ಲ. ಹಿಡಿದುಕೊಂಡೆ. ಅದು ನನ್ನ ಬೆರಳು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿತು. ಮರುದಿನದಿಂದ ನಾನು ದಾಟಿದಾಗಲೆಲ್ಲ ಅದು ಜಾಳಿಗೆಗೆ ಬಂದು ಅಳಲು ತೊಡಗಿತು, ಪಕ್ಕದ ಗೂಡಿನ ಜೊತೆಗಾರನ ಕಡೆ ತಿರುಗುತ್ತಲೂ ಇರಲಿಲ್ಲ. ನಾನೇ ಹೋಗಿ ಮೇಲ್ವಿಚಾರಕಿ ಅಕ್ಕನಿಗೆ ಹೇಳಿದೆ. ಆಕೆ ಬೈಯಲಿಲ್ಲ. “ಇನ್ನು ಆ ಕಡೆ ಹೋಗಬೇಡ, ಹೋಗುವ ಪ್ರಸಂಗ ಬಂದರೆ ಕೈ ಹಿಂದೆ ಕಟ್ಟಿಕೋ” ಎಂದಳು. ಉಳಿದಷ್ಟೂ ದಿನ ಕೈ ಕಟ್ಟಿಕೊಂಡೇ ನಡೆದೆ. ಕೊನೆಯ ವಾರ ಅದು ಜೊತೆಗಾರನ ಕೂದಲು ಹೆಕ್ಕುತ್ತ ಕುಳಿತದ್ದನ್ನು ದೂರದಿಂದ ನೋಡಿದೆ. ನನ್ನ ಕಡೆ ನೋಡಲಿಲ್ಲ. ಕಣ್ಣು ತುಂಬಿ ಬಂತು, ಸಂತೋಷಕ್ಕೇ.

ಊರಿಗೆ ಬಂದ ಮೇಲೆ ಬದಾಮಿ ಗುಹೆಗಳ ಮುಂದೆ ಮಂಗಗಳಿಗೆ ಬಿಸ್ಕೀಟು ಚಾಚುವವರನ್ನು ಕಂಡರೆ ನಿಂತು ಮಾತಾಡದೆ ಮುಂದೆ ಹೋಗಲು ಆಗುವುದಿಲ್ಲ. ನಮ್ಮ ಓಣಿಯ ಪಂಜರದ ಗಿಳಿಗಳ ಬಗ್ಗೆಯೂ ಮಾತಾಡಿದ್ದೇನೆ. ಅವನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವೆಂದು ಬಹಳ ಜನರಿಗೆ ಗೊತ್ತೇ ಇಲ್ಲ.

ಜನವರಿಯಲ್ಲಿ ಮುಧೋಳದಿಂದ ಸೋದರಮಾವ ಫೋನ್ ಮಾಡಿದ. ಕಬ್ಬು ಕಡಿಯುವ ಗ್ಯಾಂಗಿನವರಿಗೆ ಸಾಲಿನ ನಡುವೆ ಎರಡು ಕಾಡುಬೆಕ್ಕಿನ ಮರಿ ಸಿಕ್ಕಿದ್ದವು. ಹುಡುಗರು ಆಕಳ ಹಾಲು ಕುಡಿಸಲು ನೋಡುತ್ತಿದ್ದರು. “ಮಾಮಾ, ಹಾಲು ಹಾಕಬ್ಯಾಡ್ರಿ, ಹೊಟ್ಟಿ ಕೆಡತೈತಿ. ಯಾರೂ ಮುಟ್ಟಬ್ಯಾಡ್ರಿ. ಎಲ್ಲಿ ಸಿಕ್ಕಾವು ಆ ಜಾಗಾ ಗುರುತಿಡ್ರಿ” ಎಂದು ಹೇಳಿ ಅರಣ್ಯ ಇಲಾಖೆಗೆ ತಿಳಿಸಿ ಬಸ್ ಹತ್ತಿದೆ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನಲ್ಲಿ ಸಿಕ್ಕ ಚಿರತೆ ಮರಿಗಳನ್ನೂ ಹೀಗೇ ತಾಯಿಗೆ ಸೇರಿಸುತ್ತಾರೆ. ಅರಣ್ಯ ಇಲಾಖೆಯವರ ಜೊತೆ ಸೇರಿ ಸಂಜೆ ಮರಿಗಳನ್ನು ಬಟ್ಟೆಯಲ್ಲಿ ಹಿಡಿದು, ತಗ್ಗು ಬುಟ್ಟಿಯಲ್ಲಿ ರವದಿ ಹಾಸಿ, ಸಿಕ್ಕ ಜಾಗದಲ್ಲೇ ಇಟ್ಟೆವು. ಮಾವ ನಾಯಿ ಕಟ್ಟಿಹಾಕಿದ, ಗ್ಯಾಂಗಿನವರು ಆ ಪಟ್ಟಿ ಬಿಟ್ಟು ಬೇರೆ ಕಡೆ ಕಡಿಯಲು ಒಪ್ಪಿದರು. ನಾವು ದೂರದ ಟ್ರ್ಯಾಲಿಯಲ್ಲಿ ಕಂಬಳಿ ಹೊದ್ದು ಕುಳಿತೆವು.

ರಾತ್ರಿ ಬಹಳ ಹೊತ್ತಿನವರೆಗೆ ಮರಿಗಳ ಕೂಗು ಕೇಳುತ್ತಿತ್ತು. ಆಮೇಲೆ ಒಂದರದೇ ಕೂಗು. ಮಾವ ನನ್ನ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಬೆಳಕು ಹರಿದ ಮೇಲೆ ಹೋಗಿ ನೋಡಿದರೆ ಬುಟ್ಟಿಯಲ್ಲಿ ರವದಿ ಮಾತ್ರ ಇತ್ತು, ನಡುವೆ ಎರಡು ಮರಿ ಮಲಗಿದ್ದಷ್ಟು ತಗ್ಗು. ಬದುವಿನ ಹಸಿ ಮಣ್ಣಿನಲ್ಲಿ ತಾಯಿಯ ಹೆಜ್ಜೆ ಕಬ್ಬಿನೊಳಕ್ಕೆ ಹೋಗಿದ್ದವು.