ಹಸಿ ಗಾರೆ ಮೇಲೆ ರೋಮನ್ ದಾಳಿಂಬೆ: ನನ್ನ ಅನುಭವ

ರೋಮನ್ನರ ಭಿತ್ತಿಚಿತ್ರದಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಕರಣೆಯದ್ದು. ಕುಂಚದ ಸರದಿ ಬರುವುದು ಕೊನೆಗೆ.

ನಾನು ಆರಿಸಿಕೊಂಡದ್ದು ರೋಮ್ ಹತ್ತಿರದ ಪ್ರಿಮಾ ಪೋರ್ತಾದಲ್ಲಿ 1863ರಲ್ಲಿ ಸಿಕ್ಕ ತೋಟದ ಕೋಣೆಯ ಚಿತ್ರ. ಆ ಕೋಣೆ ಇದ್ದದ್ದು ಚಕ್ರವರ್ತಿ ಆಗಸ್ಟಸ್‌ನ ಹೆಂಡತಿ ಲಿವಿಯಾಳ ಬಂಗಲೆಯಲ್ಲಿ. ನಾಲ್ಕೂ ಗೋಡೆಗೆ ತೋಟ: ಬೇಲಿ, ಹಣ್ಣು ತುಂಬಿದ ಗಿಡಗಳು, ಹಕ್ಕಿಗಳು, ಹಿಂದೆ ನೀಲಿ. ಈಗ ಅದು ರೋಮ್‌ನ ಪಲಾಝೊ ಮಾಸ್ಸಿಮೊ ಮ್ಯೂಸಿಯಂನಲ್ಲಿದೆ. ಅದರಲ್ಲಿನ ಬೇಲಿ, ಒಂದು ದಾಳಿಂಬೆ ಕೊಂಬೆ, ಒಂದು ಹಕ್ಕಿ, ಇಷ್ಟನ್ನೇ ನಮ್ಮ ವರಾಂಡದ ಇಟ್ಟಿಗೆ ಗೋಡೆಯ ಮೇಲೆ ಬರೆದೆ.

ಮೊದಲು ಸುಣ್ಣ. ಕನಿಷ್ಠ ಮೂರು ವರ್ಷ ಹಳೆಯದಲ್ಲದ ಸುಣ್ಣವನ್ನು ಗುತ್ತಿಗೆದಾರ ಬಳಸಬಾರದು ಅಂತ ಹಿಂದೆ ಕಟ್ಟಳೆ ಇತ್ತು ಎನ್ನುತ್ತಾನೆ ರೋಮನ್ ಲೇಖಕ ಪ್ಲಿನಿ. ಕಾರಣ ಇದೆ. ನೀರು ಕುಡಿದು ಅರಳದೆ ಉಳಿದ ಒಂದು ಸುಣ್ಣದ ಹರಳು ಗೋಡೆಯೊಳಗೆ ಸೇರಿದರೆ ಸಾಕು, ಆಮೇಲೆ ಅಲ್ಲೇ ಅರಳಿ, ಉಬ್ಬಿ, ಚಿತ್ರದಲ್ಲಿ ಗುಳಿ ಬೀಳಿಸುತ್ತದೆ. ನೀರಿನಡಿ ವರ್ಷಗಟ್ಟಲೆ ಇಟ್ಟ ಸುಣ್ಣವನ್ನೇ ಹುಡುಕಿ ತಂದೆ. ಕರಣೆಯಲ್ಲಿ ಎತ್ತಿದರೆ ಬೆಣ್ಣೆ ಥರ ನಿಲ್ಲುತ್ತದೆ.

ಒರಟು ಗಾರೆಯ ಮೇಲೆ ಮರಳಿನ ಗಾರೆ ಮೂರು ಪದರ, ಅಮೃತಶಿಲೆ ಪುಡಿಯ ಗಾರೆ ಮೂರು ಪದರ ಹಾಕಿ ಅಂತ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ತನ್ನ ಏಳನೇ ಪುಸ್ತಕದಲ್ಲಿ ಬರೆದಿದ್ದಾನೆ. ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೋಮನ್ ಊರು ಪಾಂಪೆಯ ಎಷ್ಟೋ ಗೋಡೆಗಳಲ್ಲಿ ಅಷ್ಟೊಂದು ಪದರ ಇಲ್ಲ. ನಾನೂ ಕಡಿಮೆ ಪದರಕ್ಕೇ ನಿಲ್ಲಿಸಿದೆ. ಆದರೆ ಕೊನೆಯ ಪದರದ ಅಮೃತಶಿಲೆ ಪುಡಿ ಮಾತ್ರ ಬಿಡಲಿಲ್ಲ. ಕರಣೆಯ ಬೆನ್ನಲ್ಲಿ ಒತ್ತಿ ಉಜ್ಜುತ್ತಾ ಹೋದರೆ ಗೋಡೆಗೆ ಮೆಲ್ಲಗೆ ಹೊಳಪು ಬರುತ್ತದೆ. ಆ ಹೊಳಪು ಬರುವ ಗಳಿಗೆ ನನಗೆ ತುಂಬಾ ಇಷ್ಟ.

ಬೆರಳಿಟ್ಟರೆ ತಣ್ಣಗಿರಬೇಕು, ಗಾರೆ ಅಂಟಬಾರದು. ಆಗ ಬಣ್ಣ ಶುರು. ಬಣ್ಣಕ್ಕೆ ಗೋಂದು ಬೇಡ, ಬರೀ ನೀರು. ಗಾರೆ ಒಣಗುತ್ತಾ ಅದರೊಳಗಿನ ಸುಣ್ಣ ಮೇಲಕ್ಕೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮತ್ತೆ ಸುಣ್ಣದಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನೊಳಗೇ ಸಿಕ್ಕಿಬೀಳುತ್ತವೆ.

ದಾಳಿಂಬೆಗೆ ಜಾಜು, ಅಂದರೆ ಕೆಮ್ಮಣ್ಣಿನ ಬಣ್ಣ ಬಳಸಿದೆ. ಇಂಗಳೀಕ ಎಂಬ ಖನಿಜದ ಕೆಂಪು ಇನ್ನೂ ಚೆಂದ, ಆದರೆ ಅದರಲ್ಲಿ ಪಾದರಸ ಇದೆ, ಬಿಸಿಲಿಗೆ ಕಪ್ಪಾಗುತ್ತದೆ ಬೇರೆ. ಫೇಬೇರಿಯಸ್ ಎಂಬ ಗುಮಾಸ್ತ ರೋಮ್‌ನ ಅವೆಂಟೈನ್ ಬೆಟ್ಟದ ತನ್ನ ಮನೆಯ ಅಂಗಳದ ಸುತ್ತಿನ ಗೋಡೆಗಳಿಗೆಲ್ಲ ಇಂಗಳೀಕ ಬಳಿಸಿದನಂತೆ. 30 ದಿನಕ್ಕೇ ಬಣ್ಣ ಕೆಟ್ಟು ಬೇರೆ ಬಳಿಸಬೇಕಾಯಿತು ಅಂತ ವಿಟ್ರುವಿಯಸ್ಸೇ ಹೇಳುತ್ತಾನೆ. ನಮ್ಮ ವರಾಂಡಕ್ಕೆ ಬೆಳಿಗ್ಗೆ ಬಿಸಿಲು ನೇರ ಬೀಳುತ್ತದೆ, ಹಾಗಾಗಿ ಜಾಜೇ ಸರಿ.

ನೀಲಿಗೆ ಈಜಿಪ್ಶಿಯನ್ ನೀಲಿ. ಮರಳು, ತಾಮ್ರ, ಕ್ಷಾರ ಸೇರಿಸಿ ಕುಲುಮೆಯಲ್ಲಿ ಸುಟ್ಟು ಮಾಡುವ ಬಣ್ಣ ಇದು. ನಾನು ತಯಾರಾದದ್ದನ್ನೇ ಕೊಂಡೆ. ಇದನ್ನು ನುಣ್ಣಗೆ ಅರೆದಷ್ಟೂ ಪೇಲವವಾಗುತ್ತದೆ. ಹಾಗಾಗಿ ದೂರದ ಆಕಾಶಕ್ಕೆ ನುಣ್ಣನೆಯ ಪುಡಿ, ಎಲೆಗಳ ಸಂದಿನ ಗಾಢ ನೀಲಿಗೆ ತರಿ ಪುಡಿ ಇಟ್ಟುಕೊಂಡೆ. ತರಿ ಪುಡಿ ಹಸಿ ಗಾರೆಗೆ ಸರಿಯಾಗಿ ಕಚ್ಚುವುದಿಲ್ಲ. ಅದಕ್ಕೆ ಮಾತ್ರ ಒಂಚೂರು ಮೊಟ್ಟೆ ಬೆರೆಸಿದೆ.

ಕೆಲಸ ಮೇಲಿನಿಂದ ಕೆಳಕ್ಕೆ. ಪಾಂಪೆಯಲ್ಲಿ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಚಿತ್ರಕಾರರು ಅರ್ಧಕ್ಕೇ ಬಿಟ್ಟುಹೋದ ಒಂದು ಮನೆ ಇದೆ. ಗೋಡೆಯ ಮೇಲ್ಭಾಗ ಮುಗಿದಿದೆ, ನಡುವಿನ ಚೌಕದಲ್ಲಿ ಬರೀ ಕರಡು ಗೆರೆ. ಹೀಗೆ ಇಳಿದರೆ ಮೇಲಿನ ತೊಟ್ಟು ಮುಗಿದ ಚಿತ್ರದ ಮೇಲೆ ಬೀಳುವುದಿಲ್ಲ. ಹಸಿ ಇರುವಾಗ ಮುಗಿಸಬಹುದಾದಷ್ಟಕ್ಕೇ ಗಾರೆ ಹಾಕುತ್ತಾ, ಅಡ್ಡಪಟ್ಟಿಯಾಗಿ ಇಳಿದರು ಅವರು. ಎರಡು ಪಟ್ಟಿ ಕೂಡುವ ಗೆರೆಯನ್ನು ನಾನು ಬೇಲಿಯ ಮೇಲಂಚಿಗೆ ಸರಿಯಾಗಿ ತಂದೆ. ಅಲ್ಲಿ ಬಣ್ಣ ಹೇಗೂ ಬದಲಾಗುತ್ತದೆ ಅಲ್ವಾ, ಬೆಸುಗೆ ಕಣ್ಣಿಗೆ ಬೀಳುವುದಿಲ್ಲ.